ಪದಕಿ ಕಂಪನ

ಸೂರ್ಯನ ಕಲೆಗಳ ಮೇಲಿನ ವಾತಾವರಣ ಮೂರು ನಿಮಿಷಕ್ಕೊಮ್ಮೆ ತುಯ್ದಾಡುತ್ತದೆ ಎಂದು ಲೋಕವೆಲ್ಲ ಬರೆದಿತ್ತು. ಖಗೋಳ ವಿಜ್ಞಾನಿ ಪದಕಿಯವರ ದೂರದರ್ಶಕ ತೋರಿಸಿದ್ದೇ ಬೇರೆ. ಕಲೆಯ ಅಂಚಿನ ಕೂದಲಿನಂಥ ಎಳೆಗಳು ಸೆಕೆಂಡಿಗೆ ನಾಲ್ಕು ಸಲ ನಡುಗುತ್ತಿದ್ದವು. ಮೂವತ್ತು ವರ್ಷದಲ್ಲಿ ಕುರ್ಚಿ ಸವೆಸಿದ್ದಷ್ಟೇ ತಮ್ಮ ಸಾಧನೆ ಎಂದುಕೊಂಡಿದ್ದ ಅವರು ಸಂಕೋಚ ಬಿಟ್ಟು ಅದಕ್ಕೆ 'ಪದಕಿ ಕಂಪನ' ಎಂದು ಹೆಸರಿಟ್ಟರು. ನಾಳೆ ದೊಡ್ಡ ಸಭೆಯಲ್ಲಿ ಪ್ರಬಂಧ ಓದಬೇಕಿತ್ತು.

"ನೋಡಯ್ಯ ಮುನಿವೆಂಕಟಪ್ಪ," ಎಂದು ಸಹಾಯಕನಿಗೆ ಪರದೆ ತೋರಿಸಿದರು.

"ದಿನಾ ನೋಡ್ತೀನಲ್ಲ ಸಾರ್. ನೀವು ಊಟಕ್ಕೆ ಎದ್ದೋದ್ರೆ ಮಾತ್ರ ನಿಂತೋಗ್ತದೆ."

"ನನ್ನ ಊಟದ ಹೊತ್ತು ಸೂರ್ಯನಿಗೆ ಗೊತ್ತೇನಯ್ಯ?"

ಮುನಿವೆಂಕಟಪ್ಪ ಬಗ್ಗಿ, ಕ್ಯಾಮೆರಾ ಕೂರಿಸಿದ್ದ ಮೇಜಿಗೆ ತಾಗಿಕೊಂಡು ಕುಣಿಯುತ್ತಿದ್ದ ಸಾಹೇಬರ ಮೊಣಕಾಲನ್ನು ಮೆಲ್ಲಗೆ ಅದುಮಿ ಹಿಡಿದ.

ಪರದೆಯ ಮೇಲೆ ಎಳೆಗಳ ನಡುಕ ನಿಂತಿತು.

ಪದಕಿಯವರು ಪರದೆಯನ್ನೊಮ್ಮೆ, ತಮ್ಮ ಕಾಲನ್ನೊಮ್ಮೆ ನೋಡಿದರು.

"ಪ್ರಬಂಧದಾಗೆ ಏನೇನು ತಿದ್ದಬೇಕಾಗ್ತದೆ ಸಾರ್?" ಎಂದು ಮುನಿವೆಂಕಟಪ್ಪ ಅಳುಕುತ್ತಲೇ ಕೇಳಿದ.

"ಎಲ್ಲಾನೂ ಕಣಯ್ಯ. ಹೆಸರೊಂದು ಬಿಟ್ಟು."