ತಕರಾರು

"ತಕರಾರು ಇದೆಯೇನ್ರೀ?" ಎಂದು ಮತಗಟ್ಟೆಯ ಅಧಿಕಾರಿ ಮತ್ತೆ ಕೇಳಿದರು. ಬೆಳಗಿನಿಂದ ಈ ಪ್ರಶ್ನೆಗೆ ಮೆಕ್ಯಾನಿಕ್ ತಲೆ ಎತ್ತದೆಯೇ "ಇದೆ ಸಾರ್" ಎನ್ನುತ್ತ ಬಂದಿದ್ದ. ಅವನು ಪಕ್ಷದ ಏಜೆಂಟು. ಹಿಂದಿನ ಬೀದಿಯಿಂದ ಬರುವ ಬೇರೆ ಮನೆಮಾತಿನವರು ಯಾರೇ ಆಗಲಿ, ಪಟ್ಟಿಯ ಹೆಸರಿನಲ್ಲಿ ಒಂದು ಕೊಂಬು ಹೆಚ್ಚುಕಡಿಮೆಯಾದರೂ ಸಾಕು, ತಡೆಯಬೇಕು ಎಂದು ಮುಖಂಡನ ಕಟ್ಟಪ್ಪಣೆಯಾಗಿತ್ತು. ಹಾಗೆ ಆಗಲೇ ಒಬ್ಬ ಗಾರೆ ಕೆಲಸದವನೂ ಅವನ ಹೆಂಡತಿಯೂ ಓಟು ಹಾಕದೆ, ಸಪ್ಪೆ ಮುಖ ಹೊತ್ತು ತಿರುಗಿ ಹೋಗಿದ್ದರು.

"ಪಟ್ಟಿ ಬರೆಯೋನು ತಪ್ಪು ಬರೆದ್ರೆ ನಾನು ಏನು ಮಾಡ್ಲಿ ಸಾರ್? ನಾನು ಇಲ್ಲೇ ಇದೆ. ಮದುವೆ ಆಗಿ ಬಂದಾಗಿಂದ ಇಲ್ಲೇ ಇದೆ." ಆ ದನಿ ಕೇಳಿ ಮೆಕ್ಯಾನಿಕ್ ತಟ್ಟನೆ ತಲೆ ಎತ್ತಿದ. ಮೇಜಿನ ಮುಂದೆ ಹಿಂದಿನ ಬೀದಿಯ ಮಗ್ಗಿ ಟೀಚರ್ ಕೋಲೂರಿ ನಿಂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿದ್ದರೂ ಅವರ ನಾಲಿಗೆಗೆ 'ಇದ್ದೀನಿ' ಇನ್ನೂ ಹತ್ತಿರಲಿಲ್ಲ. ಅವರ ಓಟು ಯಾರಿಗೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಪ್ರಚಾರಕ್ಕೆ ಹೋದಾಗ ಕರಪತ್ರ ಓದಿ, ಮಡಚಿ, ಅವನ ಕೈಗೇ ವಾಪಸು ಕೊಟ್ಟಿದ್ದರು. "ಇದರಲ್ಲಿ ನನ್ನನ್ನೇ ಊರು ಬಿಡು ಅಂತ ಬರೆದಿದೆ. ಅದಕ್ಕೆ ನಾನೇ ಓಟು ಹಾಕ್ಬೇಕಾ?"

ಬಾಗಿಲಲ್ಲಿ ನಿಂತಿದ್ದ ಮುಖಂಡನ ಭಾಮೈದ, ಹೂಂ ಹೇಳು ಎನ್ನುವಂತೆ ಗದ್ದ ಎತ್ತಿದ. ಬೆಂಚಿನ ಆ ತುದಿಯಲ್ಲಿ ಎದುರು ಪಕ್ಷದ ಏಜೆಂಟಾಗಿ ಕೂತಿದ್ದ ಟೈಲರ್ ಗೋಡೆ ನೋಡುತ್ತಿದ್ದ. ಇಬ್ಬರೂ ಅಕ್ಕಪಕ್ಕದ ಅಂಗಡಿಯವರು, ಒಂದೇ ಲೋಟದ ಚಹಾ ಹಂಚಿಕೊಂಡು ಕುಡಿದವರು. ಚುನಾವಣೆ ಬಂದದ್ದೇ ಬಂದದ್ದು, ಎಣ್ಣೆ ಸೀಗೇಕಾಯಿ ಆಗಿದ್ದರು.

"ಬೇಗ ಹೇಳ್ರೀ, ಸಾಲು ನಿಂತಿದೆ. ಇವರ ಗುರುತಿದೆಯಾ, ಇಲ್ಲಾ ತಕರಾರು ಬರ್ಕೊಳ್ಳಲಾ?"

ಮೆಕ್ಯಾನಿಕ್ ಭಾಮೈದನ ಕಡೆಯಿಂದ ಮುಖ ತಿರುಗಿಸಿದ. "ಗುರುತಿದೆ ಸಾರ್. ತಕರಾರಿಲ್ಲ."

"ಲೇ! ಬರೀ ಗುರುತಿದೆ ಅಂದ್ರೆ ಆಯ್ತಾ? ಏನು ಸಾಕ್ಷಿ?" ಬಾಗಿಲಿನಿಂದ ಭಾಮೈದ ಕೂಗಿದ. ಅಧಿಕಾರಿ ಅವನನ್ನು ಗದರಿ ಆಚೆ ನಿಲ್ಲಿಸಿದರೂ, ಕೇಳಬೇಕಾದ್ದನ್ನು ಕೇಳಲೇಬೇಕಿತ್ತು. "ಹೇಗೆ ಗುರುತು?"

"ನನಗೆ ಮಗ್ಗಿ ಕಲಿಸಿದೋರು ಸಾರ್. ಈ ಕತ್ತೆ ತಲೆಗೆ ಹತ್ತಲ್ಲ ಅಂತ ಶಾಲೆ ಮೇಷ್ಟ್ರು ಕೈಬಿಟ್ಟಿದ್ರು. ಇವರು ಕರೆದು ಜಗಲಿ ಮೇಲೆ ಕೂರಿಸ್ಕೊಂಡ್ರು. ಇವರಿಗೆ ಮಗ್ಗಿ ಬರ್ತಿದ್ದಿದ್ದು ಇವರ ಭಾಷೇಲಿ ಮಾತ್ರ. ನಾನೂ ಹಾಗೇ ಕಲ್ತೆ."

ಅಧಿಕಾರಿಯ ಮೀಸೆಯಡಿ ನಗು ಇಣುಕಿತು. "ಹೌದೇನು? ಏಳೆಂಟ್ಲ?"

ಉತ್ತರ ಮೆಕ್ಯಾನಿಕ್‌ನ ಬಾಯಿಂದ ಟೀಚರ ಮನೆಮಾತಿನಲ್ಲೇ ಹೊರಬಿತ್ತು, ಅವರದೇ ರಾಗದಲ್ಲಿ. ಸಾಲಿನಲ್ಲಿದ್ದವರು ಗೊಳ್ಳೆಂದರು. ಅವನು ಮಾತ್ರ ತನ್ನ ಬಾಯಿಂದ ಬಂದದ್ದನ್ನು ತಾನೇ ಕೇಳಿ ಬೆಪ್ಪಾದ. ಗ್ಯಾರೇಜಿನಲ್ಲಿ ಪಕ್ಷದ ಬಾವುಟದ ಕೆಳಗೆ ಕೂತು ಇಷ್ಟು ವರ್ಷ ಬಿಲ್ಲು ಕೂಡಿಸಿದ್ದೆಲ್ಲ ಈ ಭಾಷೆಯಲ್ಲೇ. ಅದು ಇನ್ನೊಬ್ಬರ ಭಾಷೆ ಎಂದು ಒಂದು ದಿನವೂ ಅನಿಸಿರಲಿಲ್ಲ.

"ಇನ್ನೊಂದು ಮಾತು ಸಾರ್," ಎಂದ, ದನಿ ತಗ್ಗಿಸಿ. "ಬೆಳಿಗ್ಗೆ ಬಂದಿದ್ದ ಗಾರೆಯವನು, ಅವನ ಹೆಂಡ್ತಿ... ಅವರ ಗುರುತೂ ಇದೆ ನನಗೆ. ಬೇಕಂತಲೇ ತಕರಾರು ಹೇಳಿದೆ. ದಯವಿಟ್ಟು ಅವರನ್ನೂ ಕರೆಸಿ."

ಅಧಿಕಾರಿಯ ನಗು ಇಂಗಿತು. ಕನ್ನಡಕದ ಮೇಲಿಂದ ಒಮ್ಮೆ ಅವನನ್ನು ದಿಟ್ಟಿಸಿ ನೋಡಿದರು. "ಬರಲಿ. ಇನ್ನೂ ಹೊತ್ತಿದೆ," ಎಂದರು. ಟೀಚರ್ ಆಗಲೇ ಮತದಾನದ ಮರೆಯತ್ತ ಹೆಜ್ಜೆ ಹಾಕಿದ್ದರು. ಟೈಲರ್ ಎದ್ದು ಬಂದು ಮೆಕ್ಯಾನಿಕ್ ಮುಂದೆ ಕೈಚಾಚಿದ. "ಅವರ ಮನೆ ನನಗೆ ಗೊತ್ತು. ಗಾಡಿ ಕೀ ಕೊಡು." ಎಷ್ಟೋ ದಿನಗಳ ಮೇಲೆ ಅವರಿಬ್ಬರ ನಡುವೆ ಹೊರಟ ಮೊದಲ ಮಾತು ಅದು. ಮೆಕ್ಯಾನಿಕ್ ಜೇಬು ತಡಕಿ ಕೀ ಕೊಟ್ಟ. "ಎರಡನೇ ಗೇರು ಸ್ವಲ್ಪ ಬಿಗಿ ಇದೆ, ನೋಡ್ಕೊಂಡು ಹಾಕು," ಎಂದ.

ಮೆಕ್ಯಾನಿಕ್ ಹೊರಗೆ ಬಂದದ್ದೇ ತಡ, ಭಾಮೈದ ಅವನ ಎದೆಯ ಮೇಲಿನ ಪಕ್ಷದ ಬಿಲ್ಲೆಯನ್ನು ಕಿತ್ತುಕೊಂಡ. "ಉಂಡ ಮನೆಗೆ ಎರಡು ಬಗೆದ್ಯಲ್ಲೋ! ಇನ್ನು ನಮ್ಮೋರ ಒಂದು ಗಾಡಿನೂ ನಿನ್ನ ಗ್ಯಾರೇಜಿಗೆ ಬರಲ್ಲ, ನೋಡ್ತಿರು." ಮೆಕ್ಯಾನಿಕ್ ಮೆಟ್ಟಿಲ ಮೇಲೆ ಕೂತ. ಗಿರಾಕಿಗಳಲ್ಲಿ ಅರ್ಧಕ್ಕರ್ಧ ಅವರೇ. ನಾಳೆ ಒಲೆ ಹೇಗೆ ಉರಿಯಬೇಕೋ ಗೊತ್ತಿರಲಿಲ್ಲ. ಆದರೂ ಬೆಳಗಿನಿಂದ ಎದೆಯಲ್ಲಿ ಕೂತಿದ್ದ ಕಲ್ಲು ಯಾವಾಗ ಜಾರಿತೋ, ಉಸಿರು ಸರಾಗವಾಗಿ ಆಡುತ್ತಿತ್ತು. ಅಷ್ಟರಲ್ಲಿ ಗೇಟಿನ ಕಡೆ ಅವನದೇ ಗಾಡಿಯ ಸದ್ದು. ಟೈಲರ್ ಹಿಂದೆ ಗಾರೆಯವನು, ಅವನ ಹಿಂದೆ ಹೆಂಡತಿ, ಸೆರಗು ಒತ್ತಿ ಹಿಡಿದು ಕೂತಿದ್ದಳು. ಇಳಿದವರು ಅವನತ್ತ ನೋಡಲಿಲ್ಲ. ನೇರ ಒಳಗೆ ಹೋದರು. ಹೋದರಲ್ಲ, ಅಷ್ಟು ಸಾಕು ಎನಿಸಿತು ಅವನಿಗೆ.

ಓಟು ಹಾಕಿ ವರಾಂಡದಲ್ಲಿ ಸುಧಾರಿಸಿಕೊಳ್ಳುತ್ತಿದ್ದ ಟೀಚರ್ ಕೋಲು ಕುಟ್ಟುತ್ತ ಹೊರಬಂದು, ಅವನ ಭುಜ ಹಿಡಿದು ಮೆಲ್ಲಗೆ ಪಕ್ಕದಲ್ಲೇ ಕೂತರು.

"ನಿನ್ನ ಪಾರ್ಟಿಗೆ ಹಾಕ್ಲಿಲ್ಲ ಕಣೋ."

ಅವನು ಗಾಬರಿಯಿಂದ ಸುತ್ತ ನೋಡಿದ. "ಮೆಲ್ಲಗೆ ಟೀಚರ್! ಓಟು ಅಂದ್ರೆ ಗುಟ್ಟು. ಹೇಳ್ಬಾರ್ದು."

"ಗುಟ್ಟೆಲ್ಲ ಹೊರಗಿನವರ ಹತ್ರ," ಎಂದರು ಟೀಚರ್. "ನಿನ್ನ ಹತ್ರ ಏನೋ ಗುಟ್ಟು?"