ತಲೆ ಹಾಕುವ ದಿಕ್ಕು

"ಏಳಮ್ಮ, ತಿರುಗಿ ಮಲಗು. ಉತ್ತರಕ್ಕೆ ತಲೆ ಹಾಕಿದೀಯಲ್ಲ, ನೀನೇನು ಹೆಣಾನ?"

ಓಬಳೇಶಪ್ಪನವರ ಆ ದನಿಗೆ ಹೊಳಲ್ಕೆರೆಯ ಸಮುದಾಯ ಭವನವೇ ಗಪ್‌ಚಿಪ್ಪಾಯಿತು. ಶವಾಸನದಲ್ಲಿದ್ದ ಹೆಂಗಸರೆಲ್ಲ ಮುಚ್ಚಿದ್ದ ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡರು. ಎಲ್ಲರ ತಲೆಯೂ ದಕ್ಷಿಣಕ್ಕೆ, ಬಾಗಿಲ ಕಡೆಗೆ ಇತ್ತು. ಕೊನೆಯ ಜಮಖಾನದ ಮೇಲಿದ್ದ ಅಂಗನವಾಡಿಯ ಸಿದ್ದಕ್ಕ ಒಬ್ಬಳು ಮಾತ್ರ ಬಾಗಿಲ ಕಡೆಗೆ ಕಾಲು ಚಾಚಿ, ಕಣ್ಣು ಬಿಟ್ಟುಕೊಂಡು ಮಲಗಿದ್ದಳು.

ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದ ಮೇಲೆ ದುರ್ಗದಲ್ಲಿ ಯೋಗ ಕಲಿಸುತ್ತಿದ್ದ ಓಬಳೇಶಪ್ಪನವರು, ಶಿಷ್ಯೆ ಮೀನಾಕ್ಷಿ ಪಾಠ ಮಾಡುವುದನ್ನು ನೋಡಲೆಂದೇ ಮೊದಲ ಬಸ್ಸಿಗೆ ಬಂದಿದ್ದರು. ಅವರು ಹೂಂ ಅಂದರೆ ಈ ತರಗತಿ ಇನ್ನು ಅವಳದು. ಉಹೂಂ ಅಂದರೆ ಮತ್ತೆ ದುರ್ಗಕ್ಕೆ ಹೋಗಿ ಅವರ ಜಮಖಾನ ಸುತ್ತಿಡುವುದೇ ಗತಿ. ಮನುಷ್ಯ ಕೆಟ್ಟವರಲ್ಲ, ಎಷ್ಟೋ ಜನರ ಸೊಂಟನೋವು ಬಿಡಿಸಿದ ಕೈ ಅದು. ಆದರೆ ಸುಮ್ಮನಿರುವ ಕೈಯಲ್ಲ. ಬೆನ್ನು ಡೊಂಕಾಗಿದ್ದು ಕಂಡರೆ ಸಾಕು, ಹಿಂದಿನಿಂದ ಸದ್ದಿಲ್ಲದೆ ಬಂದು ಒತ್ತಿಬಿಡುತ್ತಿತ್ತು. ಕೇಳಿ ಮುಟ್ಟಬೇಕೆಂದು ಅವರಿಗೂ ಯಾರೂ ಕಲಿಸಿರಲಿಲ್ಲ. ಈಗಷ್ಟೇ ಅವರು ಬಾಗಿಲಿಗೆ ಚಿಲಕ ಹಾಕಿ, ದೀಪ ಆರಿಸಿದ್ದರು.

"ಅವ್ರು ಹಂಗೇ ಮಲಗ್ಲಿ ಸಾರ್. ನಾನೇ ಹೇಳಿದೀನಿ," ಎಂದಳು ಮೀನಾಕ್ಷಿ.

"ನೀನು ಹೇಳಿದ್ಯಾ? ಶಾಸ್ತ್ರಕ್ಕಿಂತ ದೊಡ್ಡೋಳಾದ್ಯೇನಮ್ಮ? ಕಾಲು ಎತ್ತಾಗೈತೆ ನೋಡು. ದಕ್ಷಿಣಕ್ಕೆ. ಯಮನ ದಿಕ್ಕು ಅದು."

ಮಲಗಿದ್ದಲ್ಲಿಂದಲೇ ಸಿದ್ದಕ್ಕ ಹೇಳಿದಳು: "ಯಮ ಬಂದ್ರೆ ಕಾಣ್ಲಿ ಅಂತಾನೇ ಸಾರ್ ಹಿಂಗೆ ಮಲಗಿರೋದು."

ಯಾರೋ ಕಿಸಕ್ಕನೆ ನಕ್ಕರು. ಗುರುಗಳ ಕಿವಿ ಕೆಂಪಾಯಿತು.

ಆ ಮಾತು ತಮಾಷೆಯದಲ್ಲ ಎಂಬುದು ಮೀನಾಕ್ಷಿಗೊಬ್ಬಳಿಗೇ ಗೊತ್ತಿತ್ತು. ಮೊದಮೊದಲು ಸಿದ್ದಕ್ಕ ಮಲಗುತ್ತಲೇ ಇರಲಿಲ್ಲ, ಗೋಡೆಗೆ ಒರಗಿ ಕೂತುಬಿಡುತ್ತಿದ್ದಳು. ಒಂದು ದಿನ ಎಲ್ಲರೂ ಹೋದ ಮೇಲೆ ತಾನಾಗಿಯೇ ಬಾಯಿಬಿಟ್ಟಿದ್ದಳು. ಗಂಡ ಕುಡಿದು ಬಂದು, ಬಾಗಿಲು ದೂಡಿ, ನಿದ್ದೆಯಲ್ಲಿದ್ದವಳ ಎದೆಯ ಮೇಲೆ ಕಾಲಿಡುತ್ತಿದ್ದ. ಅವನು ಸತ್ತು ಎಷ್ಟೋ ವರ್ಷವಾಗಿದೆ, ಮೈಗೆ ಮಾತ್ರ ಅದು ಇನ್ನೂ ಗೊತ್ತಾಗಿಲ್ಲ. ಮಾರನೆಯ ದಿನ ಮೀನಾಕ್ಷಿ ಅವಳ ಜಮಖಾನವನ್ನು ಬಾಗಿಲು ಕಾಣುವಂತೆ ತಿರುಗಿಸಿ ಹಾಸಿದ್ದಳು. ಅವತ್ತು ಸಿದ್ದಕ್ಕ ಮಲಗಿದ್ದಳು. ಇಷ್ಟನ್ನು ಈಗ ಹೇಳಿಬಿಟ್ಟರೆ ಗುರುಗಳು ತಣ್ಣಗಾಗುತ್ತಾರೆ. ಆದರೆ ಕೇಳುವ ಕಿವಿಗಳು ಅವರವಷ್ಟೇ ಅಲ್ಲ, ಮಧ್ಯಾಹ್ನದೊಳಗೆ ಹೊಳಲ್ಕೆರೆಯ ಬಾಯಲ್ಲೆಲ್ಲ ಅದೇ ಮಾತು ಓಡಾಡುತ್ತದೆ.

ಅವಳು ಹೀಗೆ ತಡವರಿಸುವಷ್ಟರಲ್ಲಿ ಓಬಳೇಶಪ್ಪನವರು ಸಿದ್ದಕ್ಕನ ತಲೆಯ ಹಿಂದಕ್ಕೆ ಹೋಗಿ, ಬಗ್ಗಿ, ಅವಳ ಎರಡೂ ಭುಜ ಹಿಡಿದು ತಿರುಗಿಸಲು ಎಳೆದರು. ಸಿದ್ದಕ್ಕ ಕೂಗಲಿಲ್ಲ. ಮೈ ಕೊರಡಿನಂತೆ ಸೆಟೆದುಕೊಂಡಿತು. ಮೊಣಕೈಗಳು ತಾವಾಗಿಯೇ ಮುಖಕ್ಕೆ ಅಡ್ಡ ಬಂದವು. ಒಳಗೆ ಹೋದ ಉಸಿರು ಹೊರಗೆ ಬರಲಿಲ್ಲ.

"ಕೈ ತೆಗೀರಿ ಸಾರ್!" ಮೀನಾಕ್ಷಿ ಕೂಗಿದಳು.

ಇಷ್ಟು ವರ್ಷದಲ್ಲಿ ಅವರಿಗೆ ಯಾರೂ ಹಾಗೆ ಹೇಳಿದ್ದಿಲ್ಲ. ಅವರು ಕೈ ತೆಗೆದರು. ನೆಟ್ಟಗೆ ನಡೆದು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

"ಆಯಮ್ಮಂಗೆ ಏನಾಗೈತೆ ಹೇಳು. ಹೇಳಂಗಿಲ್ಲ ಅಂದ್ರೆ ಹೊರಗೆ ಕಳಿಸು. ಎರಡೂ ಆಗಲ್ಲ ಅಂದ್ರೆ ಇವತ್ತಿಗೆ ನಿನ್ನ ಕ್ಲಾಸು ಮುಗೀತು, ಬೀಗ ಹಾಕಿ ಹೋಗಾಣ."

ಮೊಣಕೈಗಳ ಸಂದಿಯಿಂದ ಸಿದ್ದಕ್ಕ ಮೀನಾಕ್ಷಿಯನ್ನು ನೋಡಿದಳು. ಹೇಳಬೇಡ ಎಂಬುದನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮೀನಾಕ್ಷಿ ಹೋಗಿ ದೀಪ ಹಾಕಿದಳು. ಸಿದ್ದಕ್ಕನಿಂದ ಒಂದು ಮಾರು ದೂರದಲ್ಲಿ, ಅವಳಿಗೆ ಕಾಣುವಂತೆ ಕುಳಿತು, "ಸಿದ್ದಕ್ಕ, ನಾನು ಮೀನಾಕ್ಷಿ. ಬೆಳಗಾಗೈತೆ. ಇಲ್ಲಿರೋರೆಲ್ಲ ನಮ್ಮೋರೇ. ನಿಮ್ಮನ್ನ ಯಾರೂ ಮುಟ್ಟಲ್ಲ," ಎಂದಳು. ಸಿದ್ದಕ್ಕನ ಉಸಿರು ದೊಡ್ಡದಾಗಿ ಹೊರಬಂತು. ಆಗ ಮೀನಾಕ್ಷಿಗೆ ಎಲ್ಲಿಲ್ಲದ ಸಿಟ್ಟು ಬಂತು, ಸಿಟ್ಟಿನ ಜೊತೆಗೇ ಧೈರ್ಯವೂ ಬಂತು. ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಯಾರಿಗೆ ಎತ್ತಾಗೆ ತಲೆ ಹಾಕಿದ್ರೆ ಜೀವಕ್ಕೆ ಸಮಾಧಾನಾನೋ ಅತ್ತಾಗೆ ಹಾಕ್ಕಳ್ರಿ. ಕಣ್ಣು ಮುಚ್ಚಲೇಬೇಕು ಅಂತೇನಿಲ್ಲ. ಯಾಕೆ ಅಂತ ನಾನು ಯಾರ್ನೂ ಕೇಳಲ್ಲ."

ಯಾರೂ ಅಲುಗಲಿಲ್ಲ. ತರಗತಿ ಕೈತಪ್ಪಿತು ಎಂದುಕೊಂಡಳು ಮೀನಾಕ್ಷಿ.

ಮುಂದಿನ ಸಾಲಿನಲ್ಲಿ ಜಮಖಾನ ಎಳೆದ ಸದ್ದಾಯಿತು. ಹೈಸ್ಕೂಲಿನ ಅನುಸೂಯ ಟೀಚರ್. ಯಾವಾಗಲೂ ಎಲ್ಲರನ್ನೂ ನಗಿಸುತ್ತಿದ್ದ ಹೆಂಗಸು, ಈಗ ಯಾರ ಮುಖವನ್ನೂ ನೋಡದೆ ತಿರುಗಿ ಉತ್ತರಕ್ಕೆ ತಲೆ ಹಾಕಿ ಮಲಗಿದರು. ಅವರ ಪಕ್ಕದಲ್ಲಿ ಅತ್ತೆ ಸೊಸೆ ಇಬ್ಬರಿದ್ದರು. ಸೊಸೆ ಎದ್ದು ತಿರುಗಿದಳು. ಸ್ವಲ್ಪ ಹೊತ್ತು ಬಿಟ್ಟು ಅತ್ತೆಯೂ ತಿರುಗಿದಳು. ಆಮೇಲೆ ಒಂದೊಂದಾಗಿ ಜಮಖಾನಗಳು ಸರಿಯತೊಡಗಿದವು. ಈ ಸಲ ಯಾರೂ ನಗಲಿಲ್ಲ.

ಸದ್ದು ನಿಂತಾಗ ಓಬಳೇಶಪ್ಪನವರು ತಲೆ ಎತ್ತಿದರು. ಮಲಗಿದ್ದ ಹೆಂಗಸರೆಲ್ಲ ಕಣ್ಣು ಬಿಟ್ಟುಕೊಂಡು ಬಾಗಿಲ ಕಡೆಗೇ ನೋಡುತ್ತಿದ್ದರು. ತಾವೇ ಚಿಲಕ ಹಾಕಿದ್ದನ್ನು ಮರೆತು, ಯಾರೋ ಬಂದಿರಬೇಕೆಂದು ಅವರು ಗಕ್ಕನೆ ಹಿಂದೆ ತಿರುಗಿ ನೋಡಿದರು. ಬಾಗಿಲಲ್ಲಿ ಅವರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.