ಪರದೆಯ ಹಿಂದಿನ ಕೋಣೆ

ಊರವರ ನೆನಪಿನಿಂದ ಪ್ರತಿ ಭಾನುವಾರ ಒಂದೊಂದು ಹಳೆಯ ಬಡಾವಣೆಯನ್ನು ಒಂದು ದಿನದ ಮಟ್ಟಿಗೆ ಎಬ್ಬಿಸುತ್ತಿದ್ದರು; ಆ ಭಾನುವಾರ ದಂಡುಪ್ರದೇಶದ ಸರದಿ. ಹಳೆಯ ಗಿರಾಕಿಗಳು ಅರ್ಜಿಯಲ್ಲಿ ಬರೆದು ಒಪ್ಪಿಸಿದ ನೆನಪುಗಳಿಂದ, ಎಂದೋ ಮುಚ್ಚಿದ ಪಬ್ಬುಗಳೂ ರೆಕಾರ್ಡ್ ಅಂಗಡಿಗಳೂ ಬೆಳಿಗ್ಗೆ ಹತ್ತಕ್ಕೆ ಎದ್ದು ನಿಂತಿದ್ದವು. ಸಂಜೆ ಆರಕ್ಕೆ ಎಂದಿನಂತೆ ಕರಗಿಹೋಗುತ್ತವೆ. ಗ್ರೇಸಮ್ಮ ಮಾತ್ರ ತನ್ನ ನೆನಪು ಕೊಟ್ಟಿರಲಿಲ್ಲ. ಊರವರ ನೆನಪನ್ನು ನಂಬುವ ಹೆಂಗಸಲ್ಲ ಅವಳು.

ತಪ್ಪು ಹುಡುಕಲೆಂದೇ ತಾನೂ ಗಂಡನೂ ನಡೆಸುತ್ತಿದ್ದ ಹಳೆಯ ಕ್ಯಾಸೆಟ್ ಅಂಗಡಿಗೆ ಕಾಲಿಟ್ಟಳು. ಫ್ಯಾನು ಅದೇ ರಾಗದಲ್ಲಿ ಕಿರುಗುಟ್ಟುತ್ತಿತ್ತು. ಪಕ್ಕದ ಪಬ್ಬಿನಿಂದ ಬಿಯರ್ ವಾಸನೆ ಬರುತ್ತಿತ್ತು. ತೀರಿಕೊಂಡು ಹನ್ನೆರಡು ವರ್ಷವಾಗಿದ್ದ ಗಂಡ ಎಡ್ವಿನ್ ಕೌಂಟರಿನ ಹಿಂದೆ ನಗುತ್ತ ನಿಂತಿದ್ದ. ಇಷ್ಟೊಂದು ನಗುವನ್ನು ಅವಳು ಮನೆಯಲ್ಲಿ ಕಂಡಿರಲಿಲ್ಲ.

ಕೌಂಟರಿನ ಮೇಲಿದ್ದ ಒಂದು ಕ್ಯಾಸೆಟ್ ಎತ್ತಿಕೊಂಡಳು. ಒಳಗಿನ ಚೀಟಿಯಲ್ಲಿ ಹಾಡುಗಳ ಪಟ್ಟಿ, ನೀಲಿ ಶಾಯಿಯಲ್ಲಿ, ಅವಳದೇ ಕೈಬರಹ. ಗಿರಾಕಿಗಳು ಕೇಳಿದ ಹಾಡುಗಳನ್ನು ತುಂಬಿಸಿ ಪಟ್ಟಿ ಬರೆಯುತ್ತ, ಪರದೆಯ ಹಿಂದಿನ ಕೋಣೆಯಲ್ಲಿ ಅವಳು ಇಪ್ಪತ್ತು ವರ್ಷ ಕೂತಿದ್ದಳು.

"ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಯಾರು ಬರೆದಿದ್ದು?" ಎಂದು ಗಿರಾಕಿಯಂತೆ ಕೇಳಿದಳು.

"ನಾನೇ ಮೇಡಂ," ಎಂದ ಎಡ್ವಿನ್. "ಎಲ್ರೂ ಇದನ್ನೇ ಕೇಳ್ತಾರೆ."

ಅವನು ಹೀಗೇ ಹೇಳಿಕೊಂಡು ತಿರುಗುತ್ತಿದ್ದನೆಂಬ ಗುಮಾನಿ ಅವಳಿಗೆ ಅವನು ಬದುಕಿದ್ದಾಗಲೇ ಇತ್ತು.

ಗ್ರೇಸಮ್ಮ ಕೌಂಟರು ದಾಟಿ ಪರದೆ ಸರಿಸಿದಳು. ಹಿಂದೆ ಕೋಣೆಯಿರಲಿಲ್ಲ, ಬರೀ ಗೋಡೆ. ಯಾವ ಗಿರಾಕಿಯೂ ಒಂದು ದಿನವೂ ಒಳಗೆ ಇಣುಕಿರಲಿಲ್ಲ.

ಪರದೆ ಬಿಟ್ಟು ಬಂದು, ಬಾಗಿಲ ಬಳಿಯಿದ್ದ ನೆನಪು ಒಪ್ಪಿಸುವ ಅರ್ಜಿಯೊಂದನ್ನು ಎಳೆದು ಅವನೆದುರು ಹರಡಿದಳು.

"ರೀ, ಆ ಪೆನ್ನು ಇತ್ಲಾಗೆ ಕೊಡಿ. ನಿಮ್ ಕಣ್ಮುಂದೇನೇ ಬರೀತೀನಿ."